ಕುಂಕುಮದ ಡಬ್ಬಿಯ ಮಾತ್ರೆ

ಹೊಟ್ಟೆಯೊಳಗಿನ ಸುದ್ದಿ ಬೀದಿಗೆ ಬರಲು ಹರದನಹಳ್ಳಿಯಲ್ಲಿ ಬಹಳ ಹೊತ್ತು ಬೇಕಿಲ್ಲ. ಯಾರದೋ ಮನೆಯ ಸೊಸೆ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕಾರಿಕೊಂಡರೆ ಸಾಕು, ಆ ಬಸ್ಸು ಊರು ಮುಟ್ಟುವ ಮೊದಲೇ ಅವಳ ಅತ್ತೆಯ ಬಾಯಿಗೆ ಸಕ್ಕರೆ ಬಿದ್ದಿರುತ್ತದೆ. ರಾಚಮ್ಮನ ಬಾಯಿಗೂ ಹಾಗೆಯೇ ಬಿದ್ದಿತ್ತು.

ರಾಚಮ್ಮನ ಸೊಸೆ ಸಿಂಧು ಉಮ್ಮತ್ತೂರಿನವಳು. ಡಿಗ್ರಿ ಓದಿ, ಪರೀಕ್ಷೆ ಬರೆದು, ಮದುವೆಯಾದ ಎರಡನೆಯ ವರ್ಷಕ್ಕೆ ಗುಂಡ್ಲುಪೇಟೆಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ ಸೇರಿದ್ದಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಗಂಡ ರೇವಂತ ಊರ ಹಾಲಿನ ಡೈರಿಯ ಕಾರ್ಯದರ್ಶಿ. ಬೆಳಿಗ್ಗೆ, ಸಂಜೆ ಹಾಲು ಅಳೆಯುವ ಹೊತ್ತಿನಲ್ಲಿ ಅವನು ಕೂತಲ್ಲಿಂದ ಏಳುವಂತಿರಲಿಲ್ಲ. ಹಾಗಾಗಿ ಸಿಂಧು ಒಬ್ಬಳೇ ಚಾಮರಾಜನಗರಕ್ಕೆ ಹೋಗಿ, ಅಲ್ಲಿಂದ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಬೇಕು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಅದರಲ್ಲಿ ಉಸಿರಾಡಲೂ ಸಂದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲೇ ಅವಳು ಬಸ್ಸಿನಲ್ಲಿ ವಾಂತಿ ಮಾಡಿಕೊಂಡಳು. ಅದೇ ಬಸ್ಸಿನಲ್ಲಿದ್ದ ಊರ ಹೆಂಗಸರು, "ಏನಮ್ಮಿ, ವಿಶೇಷವಾ?" ಎಂದರು. ಅವಳು ಮನೆಗೆ ಬರುವಷ್ಟರಲ್ಲಿ ರಾಚಮ್ಮ ಹೂರಣ ರುಬ್ಬುತ್ತಿದ್ದಳು. "ಅಂಗೇನೂ ಇಲ್ಲ ಅತ್ತೆ" ಎಂದು ಸಿಂಧು ಎಷ್ಟು ಹೇಳಿದರೂ ಒಬ್ಬಟ್ಟು ಅಕ್ಕಪಕ್ಕದ ಮನೆಗಳಿಗೆಲ್ಲ ಹೋಯಿತು. ಆ ವಾರ ಕಳೆಯುವುದರೊಳಗೆ ಸಿಂಧು ಮುಟ್ಟಾದಳು. ಒಬ್ಬಟ್ಟು ತಿಂದವರೆಲ್ಲ "ಅಯ್ಯೋ ಪಾಪ" ಎಂದರು.

ಆ "ಅಯ್ಯೋ ಪಾಪ" ರಾಚಮ್ಮನ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಉಳಿಯಿತು. ಸಿಂಧುವೂ ಅಂದಿನಿಂದ ಬಸ್ಸಿನ ಮಾತು ಬಂದರೆ ಬಾಯಿ ಹೊಲಿದುಕೊಳ್ಳುತ್ತಿದ್ದಳು.

ಕೆಲವು ತಿಂಗಳು ಕಳೆದವು. ಒಂದು ಬೆಳಿಗ್ಗೆ ರಾಚಮ್ಮ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಾಗ, ಹೊರಡಲು ಸಿದ್ಧಳಾದ ಸಿಂಧು ಗೋಡೆಯ ಕಡೆ ತಿರುಗಿ ಏನೋ ಬಾಯಿಗೆ ಹಾಕಿಕೊಂಡು ನೀರು ಕುಡಿದಳು.

"ಏನಮ್ಮಿ ಬಾಯ್ಗಾಕ್ಕಂಡೆ?"

"ಏಲಕ್ಕಿ ಅತ್ತೆ."

ಏಲಕ್ಕಿಯನ್ನು ನೀರು ಕುಡಿದು ನುಂಗುವವರುಂಟೆ? ತಿಂದರೆ ಅಡುಗೆಮನೆಯೆಲ್ಲ ಘಮ್ಮೆನ್ನಬೇಡವೆ? ರಾಚಮ್ಮ ಮೂಗರಳಿಸಿ ನೋಡಿದಳು. ರೊಟ್ಟಿ ಸೀದ ವಾಸನೆಯೊಂದೇ ಬಂತು.

ಅಂದಿನಿಂದ ಆಕೆಯ ಕಣ್ಣು ಸೊಸೆಯ ಬೆನ್ನಿಗೆ ಅಂಟಿತು. ದಿನವೂ ಅದೇ ಗೋಡೆ, ಅದೇ ಲೋಟ. ಭಾನುವಾರ ಸಿಂಧು ಸ್ನಾನಕ್ಕೆ ಹೋದಾಗ, ಮನಸ್ಸಿನಲ್ಲೇ ಮಾದಪ್ಪನ ಕ್ಷಮೆ ಕೇಳಿಕೊಂಡು, ರಾಚಮ್ಮ ಅವಳ ಬ್ಯಾಗಿಗೆ ಕೈ ಹಾಕಿದಳು. ಬಾಚಣಿಗೆ, ಆಧಾರ್ ಕಾರ್ಡು, ಟಿಫನ್ ಡಬ್ಬಿಯ ಮುಚ್ಚಳ. ಅಡಿಯಲ್ಲಿ ಕುಂಕುಮದ ಪುಟ್ಟ ಡಬ್ಬಿ. ಮದುವೆಯಲ್ಲಿ ಸೊಸೆಯ ಮಡಿಲಿಗೆ ತಾನೇ ಹಾಕಿದ್ದ ಡಬ್ಬಿ ಅದು. ತೆರೆದು ನೋಡಿದರೆ ಕುಂಕುಮದ ಸುಳಿವಿಲ್ಲ. ಹಳದಿ ಬಣ್ಣದ ಪುಟ್ಟ ಗುಂಡು ಮಾತ್ರೆಗಳು ಮುಚ್ಚಳದ ಮಟ್ಟಕ್ಕೆ ತುಂಬಿದ್ದವು.

ಜ್ವರದ ಮಾತ್ರೆಯಾದರೆ ಸಿಂಧುವಿಗೆ ಜ್ವರವಿಲ್ಲ. ತಲೆನೋವಿನದಾದರೆ ಬಚ್ಚಿಡುವುದೇಕೆ? ಮದುವೆಯಾಗಿ ಮೂರನೆಯ ವರ್ಷ ನಡೆಯುತ್ತಿದೆ, ಮಡಿಲು ತುಂಬಿಲ್ಲ, ಮಾತ್ರೆ ಮಾತ್ರ ದಿನವೂ ಇಳಿಯುತ್ತಿದೆ. ರಾಚಮ್ಮನಿಗೆ ಇನ್ನೇನೂ ಕೇಳಬೇಕೆನಿಸಲಿಲ್ಲ.

ಅಂದು ಮಧ್ಯಾಹ್ನ ಅರಿಶಿನದ ಹೊಲಕ್ಕೆ ಬುತ್ತಿ ಒಯ್ದವಳು ಗಂಡ ದೊಡ್ಡಬೀರಯ್ಯನ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಅವನು ಮುದ್ದೆಯ ತುತ್ತನ್ನು ಉಪ್ಪೆಸರಿನಲ್ಲಿ ಅದ್ದಿ ನುಂಗಿ, ನಿಧಾನವಾಗಿ ಕೇಳಿದ: "ದಿನಾ ನುಂಗ್ತಳಾ?"

"ದಿನಾ. ಭಾನ್ವಾರ ಒಂದ್ ಬುಟ್ಟು."

"ಭಾನ್ವಾರ ಯಾಕ್ ಬುಡ್ತಳೆ?"

"ನಂಗೇನ್ ಗೊತ್ತು?"

"ಮಕ್ಳಾಗ್ದಿರ ಮಾತ್ರೆಗೂ ಸರ್ಕಾರಿ ರಜಾ ಅದಾ ಅಂತ ಕೇಳ್ದೆ ಕಣಮ್ಮಿ."

"ನಿಮ್ಗೆ ಎಲ್ಲ ಆಟ. ನಾಳೆ ಮನೇಲಿ ದೀಪ ಅಚ್ಚಕ್ಕೆ ಒಂದ್ ಕುಸು ಬ್ಯಾಡ್ವಾ?"

"ಕುಸು ಬೇಕು. ಅದ್ಕೆ ಬ್ಯಾಗ್‌ಗೆ ಕೈ ಆಕ್ಬೇಕಾ? ಬಾಯ್ಬುಟ್ಟು ಕೇಳು. ಅವ್ಳಿಗೂ ನಾಲ್ಗೆ ಅದೆ."

"ಕೇಳ್ದೆ. ಏಲಕ್ಕಿ ಅಂದ್ಳು."

ದೊಡ್ಡಬೀರಯ್ಯ ಕೈ ತೊಳೆದು ಎದ್ದ. "ಏಲಕ್ಕಿನೇ ಇರ್ಬೋದು ಬುಡು" ಎಂದು ಗುದ್ದಲಿ ಹೆಗಲಿಗಿಟ್ಟು ನಡೆದ. ಈ ಗಂಡಸರ ನಂಬಿಕೆಯೆಲ್ಲ ಸೋಮಾರಿತನದ ಇನ್ನೊಂದು ಹೆಸರು ಎಂದುಕೊಳ್ಳುತ್ತ ರಾಚಮ್ಮ ಬುಟ್ಟಿ ಎತ್ತಿಕೊಂಡಳು.

ಅನುಮಾನವೆಂಬುದು ಮನೆಗೆ ಬಂದ ನೆಂಟನಲ್ಲ, ಎರಡು ದಿನ ಉಂಡು ಹೊರಡಲು. ಅದು ಒಲೆಯ ಪಕ್ಕದಲ್ಲೇ ಚಾಪೆ ಹಾಸಿಕೊಂಡಿತು. ಈಗ ಸಿಂಧುವಿನ ಪ್ರತಿಯೊಂದು ನಡೆಗೂ ರಾಚಮ್ಮನ ಬಳಿ ಅರ್ಥವಿತ್ತು. ಸಂಜೆ ಬಂದವಳು ಚೊಂಬುಗಟ್ಟಲೆ ನೀರು ಕುಡಿಯುತ್ತಾಳೆ: ಮಾತ್ರೆಯ ಉಷ್ಣ. ಸೊಪ್ಪು ಬಿಡಿಸುತ್ತ ಬಿಡಿಸುತ್ತ ಗೋಡೆಗೊರಗಿ ತೂಕಡಿಸುತ್ತಾಳೆ: ಮೈಯ ಸಾರವನ್ನೆಲ್ಲ ಅದೇ ಹೀರುತ್ತಿದೆ.

ಒಂದು ಸಂಜೆ ಊಟಕ್ಕೆ ಕೂತಾಗ ಸಿಂಧುವಿನ ತಲೆ ತಟ್ಟೆಯ ಮೇಲೆ ವಾಲಿತು. ಬೆರಳಿನ ಮುದ್ದೆ ಬೆರಳಿನಲ್ಲೇ ಇತ್ತು.

"ಏಳಮ್ಮಿ, ಸಾರೊಳಕ್ ಬಿದ್ಬುಟ್ಟೀಯೆ" ಎಂದಳು ರಾಚಮ್ಮ. "ಆಪೀಸಲ್ಲಿ ಕೂತ್ಕಂಡ್ ಬರಕ್ಕೇ ಇಷ್ಟ್ ಸುಸ್ತು. ನಾನು ನಿನ್ ವಯಸ್ನಲ್ಲಿ ಅರಿಶಿನ ಬೇಯ್ಸಿ, ಹಸ ಕರ್ದು, ಇವನ್ನ ಸೊಂಟದ್ಮೇಲ್ ಮಡಿಕ್ಕಂಡು ನೀರ್ ಸೇದ್ತಿದ್ದೆ."

"ಸುಮ್ಕಿರವ್ವ. ದಿನಾ ಅಷ್ಟ್ ದೂರ ಓಗಿ ಬರದು ಅಂದ್ರೆ ಆಟ್ವಾ?" ಎಂದ ರೇವಂತ.

"ನಾನೇನಂದೆ? ಸೊಂಟದ್ಮೇಲ್ ಕುಸು ಇದ್ರೂ ಮಾಡ್ತಿದ್ದೆ ಅಂದೆ."

ಸಿಂಧು ಕಣ್ಣು ತೆರೆದಳು. "ಗುಂಡ್ಲುಪೇಟೇಲೇ ಒಂದ್ ರೂಮ್ ಮಾಡ್ಕಂಡ್ರೆ ಈ ಬಸ್ ತಪ್ಪುತ್ತೆ. ನಮ್ ಆಫೀಸಿನವ್ರು ಅದೇ ಏಳ್ತಾರೆ" ಎಂದು ಯಾರ ಮುಖವನ್ನೂ ನೋಡದೆ ಹೇಳಿದಳು.

ಓಹೋ, ಎಂದುಕೊಂಡಳು ರಾಚಮ್ಮ. ಮೊದಲು ಮಾತ್ರೆ, ಆಮೇಲೆ ರೂಮು. ಮಗನನ್ನೂ ಮೊಮ್ಮಗುವನ್ನೂ ಒಂದೇ ಗಂಟಿಗೆ ಕಟ್ಟಿ ಒಯ್ಯುವ ದಾರಿ ಇದು.

"ಡೈರಿ ಯಾರ್ ನೋಡ್ಕತರೆ? ನೀನ್ ಓಗಿ ಹಾಲ್ ಅಳ್ದೀಯಾ?" ಎಂದು ಕೇಳಿದಳು.

"ಮಾತ್ಗಂದೆ ಅತ್ತೆ, ಬುಡಿ."

"ಮಾತ್ ಉಟ್ಟದೇ ಮನ್ಸ್‌ನಲ್ಲಿ ಕಣಮ್ಮಿ."

ಸಿಂಧು ತಟ್ಟೆ ಎತ್ತಿಕೊಂಡು ಬಚ್ಚಲ ಕಡೆ ಹೋದಳು.

ಮರುದಿನ ರಾಚಮ್ಮ ಆಶಾ ಕಾರ್ಯಕರ್ತೆ ಶಾಂತಮಲ್ಲಮ್ಮನ ಮನೆಗೆ ಹೋದಳು. ಬಸುರಿಯರ ತೂಕ, ಮಕ್ಕಳ ಚುಚ್ಚುಮದ್ದು ನೋಡಿಕೊಳ್ಳುವ ಹೆಂಗಸು. ಸೊಸೆಯ ಮಾತ್ರೆಯ ವಿಷಯ ಬಾಯಿಬಿಟ್ಟರೆ ಮನೆಯ ಮಾನ ಬೀದಿಗೆ ಬೀಳುತ್ತದೆಂದು ಅದನ್ನು ನುಂಗಿಕೊಂಡು, "ನಮ್ ಸಿಂಧುಗೆ ಶಕ್ತಿಗೆ ಏನಾರ ಇದ್ರೆ ಕೊಡಮ್ಮಿ" ಎಂದಳು.

"ಫೋಲಿಕ್ ಮಾತ್ರೆ ಕೊಡ್ತೀನಿ ರಾಚಕ್ಕ. ಕುಸು ಬೇಕು ಅನ್ನೋರು ಬಸ್ರಾಗಕ್ ಮುಂಚ್ಲಿಂದ್ಲೇ ನುಂಗ್ಬೇಕು. ದಿನಕ್ಕೊಂದು. ಏನೂ ತೊಂದ್ರೆ ಇಲ್ಲ."

ಶಾಂತಮಲ್ಲಮ್ಮ ಮಾತ್ರೆಯ ಪಟ್ಟಿಯನ್ನು ಕೈಗಿಟ್ಟಾಗ ರಾಚಮ್ಮನಿಗೆ ಮೈ ಜುಮ್ಮೆಂದಿತು. ಪುಟ್ಟವು, ಗುಂಡನೆಯವು, ಹಳದಿ. ದೇವರೇ ದಾರಿ ತೋರಿಸುವಾಗ ಬಣ್ಣವನ್ನೂ ಹೊಂದಿಸಿಕೊಡುತ್ತಾನೆ.

ಮುಂದಿನ ಭಾನುವಾರ, ಸಿಂಧು ಬಟ್ಟೆ ಒಗೆಯಲು ಕೂತಾಗ, ಕುಂಕುಮದ ಡಬ್ಬಿಯಲ್ಲಿದ್ದುದನ್ನೆಲ್ಲ ರಾಚಮ್ಮ ತಿಪ್ಪೆಯ ಗುಂಡಿಗೆ ಸುರಿದು, ಕೋಳಿ ಕೆದಕದಂತೆ ಸಗಣಿ ಮುಚ್ಚಿದಳು. ಡಬ್ಬಿಗೆ ಫೋಲಿಕ್ ಮಾತ್ರೆಗಳನ್ನು ಮೊದಲಿನ ಮಟ್ಟಕ್ಕೇ ತುಂಬಿದಳು. ಉಳಿದ ಪಟ್ಟಿಯನ್ನು ದೇವರ ಗೂಡಿನಲ್ಲಿ ಮಾದಪ್ಪನ ಪಟದ ಹಿಂದೆ ಸೇರಿಸಿ ಕೈಮುಗಿದಳು. ಮೋಸವೆನಿಸಲಿಲ್ಲ. ವಿಷ ತೆಗೆದು ಅಮೃತ ಇಟ್ಟವರನ್ನು ಮೋಸಗಾರರೆನ್ನುವರೆ?

ಸೋಮವಾರ ಬೆಳಿಗ್ಗೆ ಸಿಂಧು ಗೋಡೆಯ ಕಡೆ ತಿರುಗಿದಾಗ ರಾಚಮ್ಮ ಉಸಿರು ಹಿಡಿದು ನಿಂತಳು. ಸಿಂಧು ನುಂಗಿದಳು, ನೀರು ಕುಡಿದಳು, ಹೊರಟಳು.

ಆಮೇಲೆ ನಡೆದದ್ದನ್ನು ರಾಚಮ್ಮ ಕಣ್ಣಾರೆ ಕಂಡಳು. ವಾರ ತುಂಬುವುದರೊಳಗೆ ಸೊಸೆಯ ತೂಕಡಿಕೆ ನಿಂತಿತು. ಸಂಜೆ ಬಂದವಳು ಮುಖ ತೊಳೆದು ತಾನೇ ಹಿಟ್ಟು ತೊಳಸಿ ಮುದ್ದೆ ಕಟ್ಟುತ್ತಿದ್ದಳು. ಕಚೇರಿಯ ಸಾಹೇಬರು "ಈಗ ತಪ್ಪಿಲ್ಲದೆ ಕೆಲಸ ಮಾಡ್ತಿದ್ದೀಯಮ್ಮ" ಎಂದರಂತೆ. ಅದನ್ನು ಹೇಳುತ್ತ ನಕ್ಕಳು. ಅವಳು ನಕ್ಕದ್ದನ್ನು ಕೇಳಿ ದೊಡ್ಡಬೀರಯ್ಯ, "ನಮ್ಮನೇಲಿ ಯಾರಾ ಅದು ನಗದು?" ಎಂದು ಹೊರಗಿನಿಂದ ಇಣುಕಿದ. ರೂಮಿನ ಮಾತು ಮತ್ತೆ ಬರಲಿಲ್ಲ.

"ನೋಡುದ್ರಾ?" ಎಂದು ರಾಚಮ್ಮ ಗಂಡನಿಗೆ ಕಣ್ಣಲ್ಲೇ ತೋರಿಸಿದಳು.

"ಏನ್ ನೋಡದು?"

"ಏನಿಲ್ಲ. ಎಲ್ಲ ಮಾದಪ್ಪನ ದಯೆ."

"ಮಾದಪ್ಪನ್ ದಯೆಯೋ, ನಿನ್ ಕೈ ಚಳಕವೋ? ನಿನ್ ಮೊಕ ನೋಡುದ್ರೆ ಬೆಕ್ಕು ಹಾಲ್ ಕುಡ್ದಂಗದೆ" ಎಂದು ದೊಡ್ಡಬೀರಯ್ಯ ಹೆಂಡತಿಯನ್ನು ಓರೆಗಣ್ಣಿನಿಂದ ನೋಡಿದ. ರಾಚಮ್ಮ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಒಳಗೆ ಹೋದಳು.

ನೆಲ ಹದವಾಗಿದೆ, ಇನ್ನು ಬೀಜಕ್ಕೆ ದೇವರ ಕಣ್ಣು ಬೀಳಬೇಕು ಎಂದು ಆಕೆಗೆ ತೋರಿತು. ಸಂತಾನ ಬೇಡುವವರು ಹೋಗುವುದು ಗುಂಡ್ಲುಪೇಟೆಯಾಚೆಯ ಗೋಪಾಲಸ್ವಾಮಿ ಬೆಟ್ಟಕ್ಕೆ. "ಹರಕೆ ಅದೆ, ಓಗನ" ಎಂದಳು. "ಅಲ್ಲಿ ತಿರುವು ಜಾಸ್ತಿ ಅಂತಾರೆ" ಎಂದಳು ಸಿಂಧು, ಅಷ್ಟೆ. ರೇವಂತ ಒಂದು ಭಾನುವಾರ ಡೈರಿಗೆ ಬೇರೆಯವರನ್ನು ಒಪ್ಪಿಸಿದ. ಹಸು ನೋಡಿಕೊಳ್ಳಲು ದೊಡ್ಡಬೀರಯ್ಯ ಉಳಿದ.

ಹೊರಡುವ ಬೆಳಿಗ್ಗೆ ಸಿಂಧು ಭಾನುವಾರವಾದರೂ ಗೋಡೆಯ ಕಡೆ ತಿರುಗಿದಳು. ದೇವರ ಬೆಟ್ಟಕ್ಕೆ ಹೊರಟಾಗಲೂ ಬಿಡಲಾರಳೇ ಎಂದು ರಾಚಮ್ಮನ ಹೊಟ್ಟೆ ಉರಿಯಿತು. ಮರುಗಳಿಗೆಯಲ್ಲೇ ಡಬ್ಬಿಯಲ್ಲಿರುವುದು ಏನೆಂದು ನೆನೆದು ತಣ್ಣಗಾಯಿತು.

ಬೆಟ್ಟದ ಬುಡದಲ್ಲಿ ಸ್ವಂತ ಗಾಡಿಗಳಿಗೆಲ್ಲ ತಡೆ. ಕಾಡಿನೊಳಗಿಂದ ಮೇಲಕ್ಕೆ ಸರ್ಕಾರಿ ಬಸ್ಸೇ ಹೋಗಬೇಕು. ನೂಕುನುಗ್ಗಲಿನಲ್ಲಿ ಅತ್ತೆ ಸೊಸೆಗೆ ಮುಂದೆ ಜೋಡಿ ಸೀಟು ಸಿಕ್ಕಿತು. ರೇವಂತ ಹಿಂದೆ ಕಂಬಿ ಹಿಡಿದು ನಿಂತ. ರಾಚಮ್ಮ ಮಾದಪ್ಪನ ಬೆಟ್ಟಕ್ಕೂ ಕಾಲ್ನಡಿಗೆಯಲ್ಲೇ ಹೋಗಿಬಂದ ಹೆಂಗಸು. ಬಸ್ಸೆಂದರೆ ಆಕೆಗೆ ಚಾಮರಾಜನಗರದ ಸಂತೆಯವರೆಗಿನ ನೆಟ್ಟನೆಯ ರಸ್ತೆ. ಇಲ್ಲಿ ಒಂದು ತಿರುವು ಎಡಕ್ಕೆ ಒಗೆದರೆ ಇನ್ನೊಂದು ಬಲಕ್ಕೆ ಒಗೆಯಿತು. ಕಿಟಕಿಯಾಚೆ ಕಣಿವೆ ತಟ್ಟೆಯಂತೆ ವಾಲಿತು. ಬೆಳಗಿನ ಚಿತ್ರಾನ್ನ ಗಂಟಲಿಗೆ ಬಂತು.

"ಅಯ್ಯೋ, ನನ್ ಕೈಲಾಗದಿಲ್ಲ" ಎಂದು ಸೊಸೆಯ ಭುಜ ಹಿಡಿದಳು.

ಸಿಂಧು ಆಕೆಯ ಮುಖ ನೋಡಿದಳು. ಬ್ಯಾಗಿಗೆ ಕೈ ಹಾಕಿದಳು. ಹೊರಬಂದದ್ದು ಕುಂಕುಮದ ಡಬ್ಬಿ. ತಳದಲ್ಲಿ ಒಂದೇ ಒಂದು ಹಳದಿ ಮಾತ್ರೆ ಉರುಳಾಡುತ್ತಿತ್ತು.

"ಇದ್ನ ನುಂಗಿ ಅತ್ತೆ."

"ಏನದು?" ಎಂದಳು ರಾಚಮ್ಮ. ಕೇಳಿದ ದನಿ ತನ್ನದಲ್ಲ ಎನ್ನಿಸಿತು.

"ವಾಂತಿ ಮಾತ್ರೆ. ದಿನಾ ಇದ್ನೇ ನುಂಗಿ ನಾನ್ ಬಸ್ ಹತ್ತದು."

"ವಾಂತಿಗಾ?"

"ವಾಂತಿಗಲ್ಲ ಅತ್ತೆ... ಎಂಗ್ ಏಳದು? ಬಸ್ ಬಾಗ್ಲು ಆಕ್ಬುಡ್ತಾರಲ್ಲ, ಆವಾಗ ಜೀವ ಓದಂಗಾಯ್ತದೆ. ಕೈಕಾಲ್ ತಣ್ಣಗೆ, ಎದೆ ನಗಾರಿ ಬಡ್ದಂಗೆ. ಇಳ್ದು ಓಡೋಗನ ಅನ್ಸ್ತದೆ. ಒಂದಿನ ಪಕ್ಕದಲ್ ಕೂತಿದ್ದ ಒಬ್ರು ಯಾರೋ, ವಾಂತಿ ಬತ್ತದೇನೋ ಅಂದ್ಕಂಡು ಒಂದ್ ಮಾತ್ರೆ ಕೊಟ್ರು. ನುಂಗಿ ನಿದ್ದೆ ಬಂದಂಗಾಯ್ತು, ಆ ಭಯನೂ ಓಯ್ತು. ಆವತ್ತಿಂದ ಇದೇ. ಮೊದ್ಲು ಬಲೇ ನಿದ್ದೆ ಬರದು. ಈಗೀಗ ನಿದ್ದೆನೂ ಬರಲ್ಲ, ಭಯನೂ ಬರಲ್ಲ. ಮೈಗ್ ಒಗ್ಗೋಗದೆ. ನುಂಗಿ, ಬಸ್ಸೆಲ್ಲ ಗಲೀಜ್ ಮಾಡಿಬುಟ್ಟೀರಿ."

"ಒಂದೇ ಅದಲ್ಲಮ್ಮಿ. ನಿಂಗೆ?"

"ಇಳಿಯಕ್ ಬೇಕು ಅಂತ ಮಡಿಕ್ಕಂಡಿದ್ದೆ. ನೀವ್ ತಕ್ಕಳಿ. ನಾನ್ ಎಂಗೋ ಕಣ್ಮುಚ್ಕಂಡಿರ್ತೀನಿ."

ಸೊಸೆಯ ಅಂಗೈ ಚಾಚಿಕೊಂಡೇ ಇತ್ತು. ರಾಚಮ್ಮ ಬೇರೆ ದಾರಿ ಕಾಣದೆ, ಬಸುರಿಯರು ನುಂಗುವ ಆ ಮಾತ್ರೆಯನ್ನು ತನ್ನ ಕೈಯಾರೆ ತೆಗೆದುಕೊಂಡು ನುಂಗಿದಳು. ಬೆಟ್ಟದ ನೆತ್ತಿಯಲ್ಲಿ ಇಳಿದದ್ದೇ ತಡ, ಪೊದೆಯ ಮರೆಗೆ ಹೋಗಿ ಎಲ್ಲವನ್ನೂ ಕಕ್ಕಿದಳು.

ಸಿಂಧು ಬೆನ್ನು ಸವರಿ ಬಾಟಲಿಯ ನೀರು ಕೊಟ್ಟಳು. "ಇದೇನತ್ತೆ? ಈ ಮಾತ್ರೆ ನಂಗೆ ಒಂದಿನಾನೂ ಕೈ ಕೊಟ್ಟಿಲ್ವಲ್ಲ" ಎಂದು ಖಾಲಿ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. ರಾಚಮ್ಮ ಮುಖ ತೊಳೆಯುವ ನೆಪದಲ್ಲಿ ಬೊಗಸೆಯೊಳಗೆ ಮುಖ ಹುದುಗಿಸಿದಳು.

ಗುಡಿಯ ಸುತ್ತ ಮಂಜು ಹತ್ತಿ ಹಿಂಜಿದಂತೆ ಹಾಯುತ್ತಿತ್ತು. ಗರ್ಭಗುಡಿಯ ದೀಪದಲ್ಲಿ ಕೊಳಲು ಹಿಡಿದ ಸ್ವಾಮಿ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತಿದ್ದ. ದಾರಿಯುದ್ದಕ್ಕೂ ಪೋಣಿಸಿಕೊಂಡು ಬಂದಿದ್ದ ಬೇಡಿಕೆಯೊಂದೂ ರಾಚಮ್ಮನ ಬಾಯಿಗೆ ಬರಲಿಲ್ಲ. 'ಸ್ವಾಮಿ, ಇವ್ಳನ್ನ ಕೆಳೀಕ್ ಮುಟ್ಸು' ಎಂದಷ್ಟೇ ಬಂತು.

ಇಳಿಯುವ ಬಸ್ಸು ಇನ್ನೂ ಗಿಜಿಗುಟ್ಟುತ್ತಿತ್ತು. ಮತ್ತೆ ಅತ್ತೆ ಸೊಸೆ ಒಂದು ಕಡೆ, ರೇವಂತ ಹಿಂದೆ ದೂರದಲ್ಲಿ. ಕಂಡಕ್ಟರು ಬಾಗಿಲು ಎಳೆದು "ರೈಟ್" ಎಂದ. ಆ ಸದ್ದಿಗೆ ಸಿಂಧು ಬೆಚ್ಚಿದ್ದು ರಾಚಮ್ಮನ ತೋಳಿಗೆ ತಿಳಿಯಿತು. ಮೊದಲ ತಿರುವಿಗೇ ಅವಳ ಬೆರಳುಗಳು ಐಸಿನಂತಾದವು. ತುಟಿ ಬಿಳುಚಿತು. ಉಸಿರು ನಾಯಿಯ ಏದುಸಿರಿನಂತೆ ಬರತೊಡಗಿತು.

"ಅತ್ತೆ, ನಾನ್ ಇಳೀಬೇಕು. ನಿಲ್ಸಕ್ ಏಳಿ."

"ಆನೆ ಕಾಡು ಕಣಮ್ಮಿ, ಇಲ್ಲಿ ಇಳಿಯಕ್ ಬುಡಲ್ಲ."

"ಆನೆ ತುಳುದ್ರೂ ಸರಿ. ನಾನ್ ಇಲ್ಲೇ ಸತ್ತೋಯ್ತೀನಿ ಅತ್ತೆ."

ರಾಚಮ್ಮ ಅವಳ ಕೈಯನ್ನು ಎರಡೂ ಕೈಯಲ್ಲಿ ಉಜ್ಜಿದಳು. ಮಾದಪ್ಪ ಎಂದಳು, ಗೋಪಾಲ ಎಂದಳು. ಉಜ್ಜಿದಷ್ಟೂ ಕೈ ತಣ್ಣಗಾಯಿತು. ಹೇಳದಿದ್ದರೆ ಈ ಹುಡುಗಿ ಇಲ್ಲೇ ಒಡೆದುಹೋಗುತ್ತಾಳೆ. ಹೇಳಿದರೆ ಇನ್ನು ತನ್ನ ಮುಖ ನೋಡಲಾರಳು. ಇನ್ನೊಂದು ತಿರುವು ಬಂತು. ಸಿಂಧು ಚೀರಲು ಬಾಯಿ ತೆರೆದಳು.

"ಇಲ್ ಕೇಳು! ನೀನ್ ಮೂರ್ ವಾರದಿಂದ ನುಂಗ್ತಿರದು ವಾಂತಿ ಮಾತ್ರೆ ಅಲ್ಲ. ಅದಿಲ್ದೇನೇ ದಿನಾ ಬಸ್ ಹತ್ತಿದ್ದೀಯೆ."

ಸಿಂಧು ತಿರುಗಿದಳು. "ಏನು?"

"ಡಬ್ಬೀಲಿದ್ದುದ್ನ ನಾನ್ ತಿಪ್ಪೆಗ್ ಸುರ್ದೆ. ಶಾಂತಮಲ್ಲಮ್ಮ ಕೊಟ್ಟಿದ್ದ ಫೋಲಿಕ್ ಮಾತ್ರೆ ಆಕ್ದೆ."

"ಬಸ್ರಿಯರ್ಗೆ ಕೊಡ್ತಾರಲ್ಲ, ಅದಾ?"

"ಊಂ."

"ನಂಗಾ?"

"ಊಂ."

"ಬೆಳಿಗ್ಗೆ ನಿಮ್ಗೂ ಅದ್ನೇ ಕೊಟ್ನಾ?"

"ನುಂಗ್ದೆ ಕಣಮ್ಮಿ."

ಮುಂದಿನ ಸೀಟಿನ ಹೆಂಗಸು ಕಿವಿಯನ್ನು ಹಿಂದಕ್ಕೆ ಚಾಚಿದಳು. ಸಿಂಧು ತನ್ನ ಕೈಯನ್ನು ಕಿತ್ತುಕೊಂಡಳು. ಬಿಳುಚಿದ್ದ ಮುಖಕ್ಕೆ ಕೆಂಪು ಏರಿತು.

"ನನ್ ಬ್ಯಾಗ್‌ಗೆ ಕೈ ಆಕಿದ್ರಾ?"

"ಆಕ್ದೆ. ಮಕ್ಳಾಗ್ದಿರ ಮಾತ್ರೆ ಅಂದ್ಕಂಡೆ."

"ಮಕ್ಳು ಬ್ಯಾಡ ಅಂತ ನಾನ್ ಯಾವತ್ ಅಂದಿವ್ನಿ? ಕೇಳಕ್ ಏನಾಗಿತ್ತು ನಿಮ್ಗೆ?"

"ಕೇಳಿದ್ದಕ್ಕೆ ಏಲಕ್ಕಿ ಅಂದ್ಯಲ್ಲ!"

"ವಾಂತಿ ಮಾತ್ರೆ ಅಂದ್ರೆ ನೀವ್ ತಿರ್ಗಾ ಒಬ್ಬಟ್ ತಟ್ಟೀರಿ ಅಂತ ಏಲಕ್ಕಿ ಅಂದೆ! ಬೀದೀಗೆಲ್ಲ ಹಂಚುದ್ರಲ್ಲ, ಆಮೇಲೆ ಒಬ್ಬೊಬ್ರೂ ನನ್ ಹೊಟ್ಟೆ ನೋಡ್ಕಂಡ್ ಅಯ್ಯೋ ಪಾಪ ಅಂದ್ರಲ್ಲ, ಅದ್ ನಿಮ್ಗ್ ಕೇಳುಸ್ಲಿಲ್ವಾ?"

"ಕೇಳುಸ್ತು. ನಂಗೂ ಅಂದ್ರು."

"ನಿಮ್ಗಂದ್ರೆ ನಿಮ್ ಕಿವಿಗ್ ಬಿತ್ತು. ನಂಗಂದ್ರೆ ನನ್ ಮೈಗ್ ಬಿತ್ತು. ನಾಳೆ ನನ್ ಅನ್ನಕ್ಕೆ ಏನ್ ಆಕ್ತೀರೋ ಯಾರಿಗ್ ಗೊತ್ತು? ಸಾರ್‌ಗೇನ್ ಆಕ್ತೀರೋ! ಇನ್ ನಿಮ್ ಕೈಲಿ ನೀರೂ ಕುಡಿಯಲ್ಲ ನಾನು!"

"ಕುಡೀಬ್ಯಾಡ. ಬಾವಿ ಅದೆ, ಸೇದ್ಕಂಡ್ ಕುಡಿ. ಆದ್ರೆ ಬೈಯದ್ ನಿಲ್ಸ್‌ಬ್ಯಾಡ, ಬೈಯಿ."

ಸಿಂಧು ಬೈದಳು. ರೊಟ್ಟಿ ಸೀದದ್ದರಿಂದ ಹಿಡಿದು, ಸೊಂಟದ ಮೇಲೆ ಕೂಸು ಹೊತ್ತ ಕಥೆಯವರೆಗೆ, ಮದುವೆಯಲ್ಲಿ ಸೀರೆಯ ಬಣ್ಣಕ್ಕೆ ಆಡಿದ ಕೊಂಕಿನವರೆಗೆ, ಎರಡೂವರೆ ವರ್ಷದ ಬಾಕಿಯನ್ನೆಲ್ಲ ಒಂದೂ ಬಿಡದೆ ತೀರಿಸಿದಳು. ರಾಚಮ್ಮ ನಡುನಡುವೆ ಉತ್ತರ ಕೊಟ್ಟು ಬೆಂಕಿ ಆರದಂತೆ ನೋಡಿಕೊಂಡಳು. "ಇಳೀರಿ, ಇಳೀರಿ" ಎಂದು ಕಂಡಕ್ಟರು ಕೂಗಿದಾಗ ಇಬ್ಬರೂ ಕಿಟಕಿಯಾಚೆ ನೋಡಿದರು. ಚೆಕ್‌ಪೋಸ್ಟು. ತಿರುವುಗಳೆಲ್ಲ ಬೆನ್ನ ಹಿಂದೆ ಉಳಿದಿದ್ದವು.

ಸಿಂಧು ಒಂದು ಗಳಿಗೆ ತನ್ನ ಕೈಗಳನ್ನು ನೋಡಿಕೊಂಡಳು. ಬೆಚ್ಚಗಿದ್ದವೋ ಏನೋ. ಆದರೆ ಆ ಸುಖವನ್ನು ಅತ್ತೆಗೆ ಕೊಡಲು ಅವಳು ಸಿದ್ಧಳಿರಲಿಲ್ಲ. ಗಂಡನ ಪಕ್ಕಕ್ಕೆ ಹೋಗಿ ನಿಂತಳು.

"ಏನವ್ವ ಜಗಳ, ದೇವ್ರ ಬೆಟ್ಟದಲ್ಲೂ?" ಎಂದ ರೇವಂತ.

"ಹರಕೆ ತೀರ್ತು ಕಣ್ಲಾ" ಎಂದಳು ರಾಚಮ್ಮ.

ಮನೆಯಲ್ಲಿ ಮಾತು ನಿಂತಿತು. ಸಿಂಧು ಬಡಿಸುತ್ತಿದ್ದಳು, ಗುಡಿಸುತ್ತಿದ್ದಳು. ತನ್ನ ತಟ್ಟೆಗೆ ಮಾತ್ರ ತಾನೇ ಪಾತ್ರೆಯಿಂದ ಹಾಕಿಕೊಳ್ಳುತ್ತಿದ್ದಳು. ಗಂಡನ ಮುಂದೆ ರಾಚಮ್ಮ ಎಲ್ಲವನ್ನೂ ಒಪ್ಪಿಕೊಂಡಳು. ದೊಡ್ಡಬೀರಯ್ಯ, "ಭಾನ್ವಾರ ಆಪೀಸಿಲ್ಲ, ಬಸ್ಸಿಲ್ಲ, ಅದ್ಕೇ ಮಾತ್ರೆ ಇಲ್ಲ. ಅವತ್ತೇ ಕೇಳ್ದೆ ನಾನು" ಎಂದ. ಅದಕ್ಕಿಂತ ಬೈದಿದ್ದರೇ ರಾಚಮ್ಮನಿಗೆ ಹಗುರವಾಗುತ್ತಿತ್ತು.

ಸೋಮವಾರ, ಮಂಗಳವಾರ ಸಿಂಧು ಮಾತ್ರೆಯಿಲ್ಲದೆಯೇ ಹೋಗಿಬಂದಳು. ಸಿಟ್ಟು ಅವಳನ್ನು ಗುಂಡ್ಲುಪೇಟೆಗೆ ಹೊತ್ತೊಯ್ದು ಹೊತ್ತು ತಂದಿತು. ಆದರೆ ಎಂಥ ಸಿಟ್ಟಾದರೂ ಎಷ್ಟು ದಿನ ಬಸ್ಸು ಓಡಿಸೀತು? ಬುಧವಾರ ಚಾಮರಾಜನಗರದ ಸ್ಟ್ಯಾಂಡಿನಲ್ಲಿ ಹತ್ತಿದ ಬಸ್ಸಿನಿಂದ ಇಳಿದು ಮನೆಗೆ ಬಂದುಬಿಟ್ಟಳು. ಗುರುವಾರ ಹೋಗಲೇ ಇಲ್ಲ. ಮಧ್ಯಾಹ್ನ ಕಚೇರಿಯಿಂದ ಫೋನು ಬಂತು. ಕೆಲಸ ಕಾಯಂ ಆಗುವ ಮುಂಚೆ ಹೀಗೆ ಹೇಳದೆ ಕೇಳದೆ ತಪ್ಪಿಸಿದರೆ ಮೇಲಕ್ಕೆ ಬರೆಯಬೇಕಾಗುತ್ತದೆ ಎಂದರು. ಫೋನು ಇಟ್ಟ ಸಿಂಧು ಹಿತ್ತಿಲ ಕಟ್ಟೆಯ ಮೇಲೆ ಕೂತು ಸದ್ದಿಲ್ಲದೆ ಅತ್ತಳು. ರಾಚಮ್ಮ ಒಂದು ಲೋಟ ಮಜ್ಜಿಗೆ ತಂದು ಪಕ್ಕದಲ್ಲಿಟ್ಟಳು. ಸಿಂಧು ಮುಟ್ಟಲಿಲ್ಲ. ರಾಚಮ್ಮ ಅದೇ ಲೋಟದಿಂದ ಒಂದು ಗುಟುಕು ಎತ್ತಿ ಕುಡಿದು ಮತ್ತೆ ಇಟ್ಟಳು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಲೋಟ ಖಾಲಿಯಾಗಿತ್ತು.

ಸಂಜೆ ರೇವಂತ ವಿಷಯವನ್ನೆಲ್ಲ ಕೇಳಿದ. ತಾಯಿಯ ಮೇಲೆ ರೇಗಿದ. ಇಷ್ಟು ದಿನ ತನಗೂ ಹೇಳದ ಹೆಂಡತಿಯ ಮೇಲೂ ರೇಗಿದ. ಹೀಗೆ ಯಾರನ್ನೂ ಕೇಳದೆ ದಿನವೂ ನುಂಗುವುದು ಸರಿಯಲ್ಲ, ಶನಿವಾರ ರಜೆ ಕೇಳಿಕೊಂಡು ಜಿಲ್ಲಾಸ್ಪತ್ರೆಯ ಡಾಕ್ಟರಿಗೆ ತೋರಿಸೋಣ ಎಂದ. ಆದರೆ ಶುಕ್ರವಾರವೊಂದು ನಡುವೆ ಇತ್ತಲ್ಲ. ಅದಕ್ಕೆಂದು ವಾಂತಿ ಮಾತ್ರೆಯ ಹೊಸ ಪಟ್ಟಿಯೊಂದನ್ನು ತಂದು ದೇವರ ಗೂಡಿನಲ್ಲಿಟ್ಟ.

ಶುಕ್ರವಾರ ಬೆಳಿಗ್ಗೆ ರಾಚಮ್ಮ ದೀಪ ಹಚ್ಚುತ್ತಿದ್ದಾಗ ಬೆನ್ನ ಹಿಂದೆ ಬಳೆಯ ಸದ್ದಾಯಿತು. ಸಿಂಧು ಕುಂಕುಮದ ಡಬ್ಬಿ ಹಿಡಿದು ನಿಂತಿದ್ದಳು. ಬೆಟ್ಟದಿಂದ ಬಂದ ಮೇಲೆ ಅತ್ತೆಯೊಡನೆ ಅವಳಾಗಿಯೇ ಆಡಿದ ಮೊದಲ ಮಾತು ಅದು:

"ತುಂಬ್ಸಿ ಕೊಡಿ ಅತ್ತೆ."

"ಯಾವ್ದನ್ನಮ್ಮಿ? ಎರಡೂ ಇಲ್ಲೇ ಅದೆ. ನೀನೇ ನೋಡ್ಕಂಡ್ ಆಕ್ಕೊ. ನಾನ್ ಇನ್ ಮುಟ್ಟಲ್ಲ."

"ಇಲ್ಲ. ನೀವೇ ಆಕಿ. ಯಾವ್ದ್ ಆಕುದ್ರಿ ಅಂತ ಮಾತ್ರ ನಂಗೇಳ್ಬ್ಯಾಡಿ."

"ನನ್ ಕೈಲಿ ನೀರೂ ಕುಡಿಯಲ್ಲ ಅಂದಿದ್ದೆ."

"ನಂಗೆ ಗೊತ್ತಾಗ್ಬುಟ್ರೆ ಮಾತ್ರೆ ಕೆಲ್ಸ ಮಾಡಲ್ಲ ಅತ್ತೆ. ಬೇಗ. ಬಸ್ ಬತ್ತದೆ" ಎಂದು ಸಿಂಧು ಗೋಡೆಯ ಕಡೆ ತಿರುಗಿ ನಿಂತಳು.

ರಾಚಮ್ಮ ಎರಡು ಪಟ್ಟಿಗಳನ್ನೂ ಅಂಗೈಯಲ್ಲಿಟ್ಟುಕೊಂಡು ಮಾದಪ್ಪನ ಮುಖ ನೋಡಿದಳು. ಎರಡೂ ಪುಟ್ಟವು, ಎರಡೂ ಹಳದಿ. ಮುಚ್ಚಳವನ್ನು ಗಟ್ಟಿಯಾಗಿ ತಿರುವಿ ಡಬ್ಬಿಯನ್ನು ಸೊಸೆಯ ಕೈಗಿತ್ತಳು.

ಸಿಂಧು ಈಗಲೂ ಅದೇ ಬಸ್ಸಿಗೆ ಹೋಗುತ್ತಾಳೆ. ಡಾಕ್ಟರು ಹೇಳಿದಂತೆ ಆಗಾಗ ಹೋಗಿ ತೋರಿಸಿ ಬರುತ್ತಾಳೆ. ಅವರ ಮಾತಿನಂತೆ ಮಾತ್ರೆಯ ದಿನಗಳು ಕಡಿಮೆಯಾಗುತ್ತಿವೆ. ಡಬ್ಬಿ ತುಂಬಿಸುವ ಕೆಲಸ ಮಾತ್ರ ಅತ್ತೆಯದೇ. "ನಿಜ ಏಳು, ಏನ್ ಆಕ್ತಿದ್ದೀಯೆ?" ಎಂದು ದೊಡ್ಡಬೀರಯ್ಯ ಹೊಲದಲ್ಲಿ ಯಾರೂ ಇಲ್ಲದಾಗ ಕೇಳಿದ್ದುಂಟು. ಡಾಕ್ಟರಿಗೆ ಹೇಳಿದ್ದೇನೆ, ನಿಮಗೆ ಹೇಳಲಾರೆ ಎಂದು ರಾಚಮ್ಮ ಮುದ್ದೆಗೆ ಸಾರು ಹುಯ್ದಳಂತೆ.

ಬೆಳಿಗ್ಗೆ ಮಾತ್ರೆ ನುಂಗುವಾಗ ಸಿಂಧು ಈಗ ಗೋಡೆಯ ಕಡೆ ತಿರುಗುವುದಿಲ್ಲ. ಅದನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣು ಕಿರಿದು ಮಾಡಿ, ಅತ್ತೆಯ ಮುಖವನ್ನೇ ನೋಡುತ್ತಾಳೆ. ರಾಚಮ್ಮ ರೊಟ್ಟಿ ತಟ್ಟುತ್ತಲೇ ಇರುತ್ತಾಳೆ. ಮುಖದ ಒಂದು ಗೆರೆಯನ್ನೂ ಕದಲಿಸುವುದಿಲ್ಲ.